ಬೆರಳಕ್ಕ ಹೊಡೆದ ಸೀಲು

ಬೆರಳಕ್ಕ ಚಮಚದಲ್ಲಿ ಉಣ್ಣುತ್ತಾಳೆ. ದೊಡ್ಡಸ್ತಿಕೆಗಲ್ಲ. ಅವಳ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಬಿರುಕು ಬಿಟ್ಟಿವೆ. ಉಪ್ಪು ಖಾರ ತಗುಲಿದರೆ ಕೆಂಡ ಮುಟ್ಟಿದಂತೆ ಉರಿಯುತ್ತದೆ. ಸೊಸೆ ಇದನ್ನೂ ಬಿಡುವವಳಲ್ಲ. ತಟ್ಟೆಯ ಪಕ್ಕ ಚಮಚ ಇಟ್ಟು, "ನಮ್ಮತ್ತೆ ಅರಮನೇಲಿ ಹುಟ್ಟಬೇಕಿತ್ತು, ದಾರಿ ತಪ್ಪಿ ಈ ಗಲ್ಲಿಗೆ ಬಂದ್ಬಿಟ್ರು" ಎನ್ನುತ್ತಾಳೆ. ಬೆರಳಕ್ಕನೂ ಕಮ್ಮಿಯೇನಲ್ಲ. "ಅರಮನೇಲಿ ಹುಟ್ಟಿದ್ರೆ ನಿನ್ನಂಥ ಸೊಸೆ ಎಲ್ಲಿ ಸಿಕ್ತಿದ್ಲು? ಅದಕ್ಕೇ ಬಂದೆ ಕಣೇ" ಎಂದು ಚಮಚ ಎತ್ತುತ್ತಾಳೆ.

ಆ ಮೂರು ಬೆರಳಿನಿಂದಲೇ ಅವಳಿಗೆ ಆ ಹೆಸರು ಬಂದದ್ದು. ಕೆಲಸ ಹಳೇ ಆಯಿಲ್ ಯಾರ್ಡಿನಲ್ಲಿ. ಊರಿನ ಗ್ಯಾರೇಜುಗಳಲ್ಲಿ ಕಾರು, ಲಾರಿಗಳಿಂದ ಇಳಿಸಿದ ಕಪ್ಪು ಆಯಿಲ್ ಡ್ರಮ್ಮಿನಲ್ಲಿ ತುಂಬಿ ಅಲ್ಲಿಗೆ ಬರುತ್ತದೆ. ಜೊತೆಗೆ ಹಳೇ ಫಿಲ್ಟರುಗಳು, ಜಿಡ್ಡು ಅಂಟಿದ ಖಾಲಿ ಕ್ಯಾನುಗಳು ಬರುತ್ತವೆ. ಡ್ರಮ್ಮು ಇಳಿದ ಕೂಡಲೇ ಬೆರಳಕ್ಕ ಮುಚ್ಚಳ ತಿರುಗಿಸಿ, ಒಳಗಿನದಕ್ಕೆ ಬೆರಳು ಅದ್ದಿ, ಹೆಬ್ಬೆರಳಿಗೆ ತಿಕ್ಕಿ, ಮೂಗಿಗೆ ಹಿಡಿಯುತ್ತಾಳೆ. ನುಣ್ಣಗೆ ಜಾರಿದರೆ ಒಳ್ಳೆಯ ಆಯಿಲ್. ತಣ್ಣಗೆ ಕೊರೆದರೆ ಪೆಟ್ರೋಲೋ ಥಿನ್ನರೋ ಬೆರೆತಿದೆ. ಸಿಹಿ ವಾಸನೆ ಹೊಡೆದು ಅಂಟಂಟಾದರೆ ರೇಡಿಯೇಟರಿನ ಕೂಲಂಟು ಸೇರಿದೆ. "ಇದು ಒಳ್ಳೇದು, ಇದು ಕೆಟ್ಟದ್ದು" ಎಂದು ಕೂಗಿ ಹೇಳುತ್ತಾಳೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ಗ್ಯಾರೇಜಿನವರು ತಮಾಷೆಗೆ, "ಅಕ್ಕಾ, ಇದು ಯಾವ ಗಾಡೀದು ಹೇಳಿ ನೋಡೋಣ" ಎಂದರೆ, "ಗಾಡಿ ಗೊತ್ತಿಲ್ಲಪ್ಪ, ನೀವು ಕೈ ತೊಳೆದ ನೀರೂ ಇದಕ್ಕೇ ಸುರೀತೀರಿ ಅನ್ನೋದು ಗೊತ್ತು" ಎನ್ನುತ್ತಾಳೆ.

ಈ ಕೆಲಸ ಶುರುವಾದ ಕಥೆಯನ್ನೂ ಹೇಳಿಬಿಡುತ್ತೇನೆ. ಒಂದು ದಿನ ಆಯಿಲ್ ತಯಾರಿಸುವ ಕಂಪನಿಗಳಿಗೆಲ್ಲ ಒಟ್ಟಿಗೇ ಭೂಮಿಯ ಮೇಲೆ ಕರುಣೆ ಉಕ್ಕಿತು. ಕರುಣೆಗಿಂತ ಮೊದಲು ಸರ್ಕಾರದ ನೋಟೀಸು ಬಂದಿತ್ತು ಎನ್ನುವವರೂ ಇದ್ದಾರೆ, ಇರಲಿ. ಎಲ್ಲರೂ ಸೇರಿ ಒಂದು ಸಂಘ ಕಟ್ಟಿ, ಅದಕ್ಕೆ ಹಣ ಹಾಕಿದರು. ಗ್ಯಾರೇಜಿನ ವಿಷದ ಕಸವನ್ನು ಕೂಡಿಸುವ ಯಾರ್ಡುಗಳಿಗೆ ಸಂಘ ಒಳ್ಳೆಯ ಡ್ರಮ್ಮಿಗೆ ಇಷ್ಟು ಎಂದು ಕೊಡುತ್ತದೆ. ಒಳ್ಳೆಯ ಆಯಿಲ್ ಕಾರ್ಖಾನೆಗೆ ಹೋಗಿ ಶುದ್ಧವಾಗಿ ಮತ್ತೆ ಅಂಗಡಿಗೆ ಬರಬೇಕು. ಕೆಟ್ಟದ್ದನ್ನು ಯಾರ್ಡಿನ ಧಣಿ ತನ್ನ ಖರ್ಚಿನಲ್ಲಿ ದೂರದ ಕುಲುಮೆಗೆ ಕಳಿಸಿ ಸುಡಿಸಬೇಕು. ನಿಯಮ ಚೆನ್ನಾಗಿಯೇ ಇದೆ. ನಿಯಮದ್ದೇನೂ ತಪ್ಪಿಲ್ಲ, ಪಾಪ.

ಆದರೆ 'ತನ್ನ ಖರ್ಚಿನಲ್ಲಿ' ಎಂಬ ಎರಡು ಮಾತು ಮಾತ್ರ ಧಣಿಯ ಕಿವಿಗೆ ಬಿದ್ದೇ ಇರಲಿಲ್ಲ. ಬೆರಳಕ್ಕ "ಕೆಟ್ಟದ್ದು" ಎಂದು ಕೂಗಿದರೆ ಗುಮಾಸ್ತ ರಿಜಿಸ್ಟರಿನಲ್ಲಿ "ಒಳ್ಳೆಯದು" ಎಂದು ಬರೆಯುತ್ತಿದ್ದ. ಸಂಘದಿಂದ ಬರುವುದು ಬರುತ್ತಿತ್ತು. ಕೆಟ್ಟ ಆಯಿಲ್ ಯಾರ್ಡಿನ ಹಿಂಗೋಡೆಯಾಚೆಯ ಗುಂಡಿಗೆ ಹೋಗುತ್ತಿತ್ತು. ಗೋಡೆಯ ಈಚೆ ಸಂಘದವರು ಅಂಟಿಸಿದ ದೊಡ್ಡ ಚಿತ್ರ. ಅದರಲ್ಲಿ ಒಂದು ಹಸಿರು ಹನಿ ಹಲ್ಲು ಕಿರಿದು ನಿಂತಿದೆ. ಕೆಳಗೆ, 'ಒಂದು ಹನಿಯೂ ನೆಲಕ್ಕಿಲ್ಲ' ಎಂದು ಬರೆದಿದೆ. ನಿಜವೇ. ನೆಲಕ್ಕೆ ಸುರಿಯುತ್ತಿರಲಿಲ್ಲ, ಗುಂಡಿಗೇ ಸುರಿಯುತ್ತಿದ್ದರು.

ಆಯಿಲ್ ಪರೀಕ್ಷಿಸಲು ಮೂರು ವರ್ಷದ ಹಿಂದೆ ಸಂಘ ಒಂದು ಯಂತ್ರವನ್ನೂ ಕೊಟ್ಟಿತ್ತು. ಧಣಿ ಅದನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದ. ಮೇಲಿನ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಯಂತ್ರ ಹಾಳಾದರೆ ಇನ್ನೊಂದು ಎಲ್ಲಿಂದ ತರುವುದು ಎಂಬ ಕಾಳಜಿ. ಬೆರಳಿಗೆ ಆ ಚಿಂತೆಯಿಲ್ಲ. ಮೂರು ಹೋದರೂ ಇನ್ನೂ ಏಳು ಇರುತ್ತವಲ್ಲ.

ಯಾರ್ಡು ದಿಬ್ಬದ ಮೇಲಿದೆ, ಬೆರಳಕ್ಕನ ಗಲ್ಲಿ ದಿಬ್ಬದ ಕೆಳಗಿದೆ. ಗಲ್ಲಿಯಲ್ಲಿ ಅರವತ್ತು ಮನೆ, ಒಂದು ಕೈಪಂಪು. ಹೋದ ವರ್ಷದಿಂದ ಪಂಪಿನ ನೀರಿನ ಮೇಲೆ ಬಣ್ಣದ ಪೊರೆ ಆಡತೊಡಗಿತು. ಬೆರಳಕ್ಕನ ಮೊಮ್ಮಗಳಿಗೆ ಮೊಣಕೈ, ಮೊಣಕಾಲಿನ ಸಂದಿಯಲ್ಲೆಲ್ಲ ಕಜ್ಜಿಯೆದ್ದು, ಮಗು ನಿದ್ದೆಯಲ್ಲೂ ಕೆರೆದುಕೊಳ್ಳುತ್ತಿತ್ತು. ಡಾಕ್ಟರು ಮುಲಾಮು ಬರೆದುಕೊಟ್ಟು, "ಚೆನ್ನಾಗಿ ನೀರಲ್ಲಿ ತೊಳೀರಿ" ಎಂದರು. ಯಾವ ನೀರಿನಲ್ಲಿ ಎಂದು ಹೇಳಲಿಲ್ಲ.

ಒಂದು ಬೆಳಿಗ್ಗೆ ಬೆರಳಕ್ಕ ಕೊಡದ ನೀರಿಗೆ ಬೆರಳು ಅದ್ದಿ, ತಿಕ್ಕಿ, ಮೂಸಿದಳು. ಥಿನ್ನರು. ಹಿಂದಿನ ತಿಂಗಳು ತಾನೇ ಗುಂಡಿಗೆ ಸುರಿದಿದ್ದ ಡ್ರಮ್ಮಿನ ವಾಸನೆ. ಮೂರು ದಿನ ಅವಳು ಯಾರಿಗೂ ಹೇಳಲಿಲ್ಲ. ಮಗುವನ್ನು ಎತ್ತಿಕೊಳ್ಳಲೂ ಇಲ್ಲ. ನಾಲ್ಕನೇ ದಿನ ಸೊಸೆಯ ಮುಂದೆ ಕೂತು, "ನಾನೇ ಸುರಿದದ್ದು ಕಣೇ. ಸುರಿ ಅಂದ್ರು, ಸುರಿದೆ" ಎಂದು ಅತ್ತಳು.

ಸೊಸೆ ಹತ್ತನೇ ಕ್ಲಾಸು ಓದಿದವಳು. ಅಂದು ಮಾತ್ರ ಅವಳು ತಮಾಷೆ ಮಾಡಲಿಲ್ಲ. ಹಸಿರು ಹನಿಯ ಚಿತ್ರದ ಕೆಳಗಿದ್ದ ವಿಳಾಸಕ್ಕೆ, ಗಲ್ಲಿಯ ಹೆಂಗಸರೆಲ್ಲರ ಪರವಾಗಿ, ಒಂದು ಕಾಗದ ಬರೆದು ಹಾಕಿದಳು. ತಿಂಗಳಾದ ಮೇಲೆ ಸಂಘದಿಂದ ಉತ್ತರ ಬಂತು. ಗಲ್ಲಿಗಲ್ಲ, ಧಣಿಗೆ. ಬರುವ ಬುಧವಾರ ತಪಾಸಣೆ ಎಂದಿತ್ತು.

ಮಂಗಳವಾರ ಮಧ್ಯಾಹ್ನ ಧಣಿ ಬೆರಳಕ್ಕನನ್ನು ಆಫೀಸಿಗೆ ಕರೆಸಿದ.

"ಬನ್ನಿ ಬನ್ನಿ, ಕೂತ್ಕೊಳ್ಳಿ."

ಬೆರಳಕ್ಕ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

"ನಿಮಗೇ ಹೇಳ್ತಿರೋದು."

ಹನ್ನೊಂದು ವರ್ಷ "ಏಯ್", "ಇವಳೇ" ಎಂದು ಕರೆದ ಬಾಯಿ ಅದು. ಆ ಬಾಯಿಂದ 'ನೀವು' ಕೇಳಿ ಅವಳಿಗೆ ಧಣಿಗೆ ಮೈ ಸರಿಯಿಲ್ಲವೇನೋ ಎನಿಸಿತು.

"ಬಟ್ಟೆ ತುಂಬ ಆಯಿಲ್ ಇದೆ ಧಣಿ, ಕುರ್ಚಿ ಕೊಳೆ ಆಗತ್ತೆ."

"ಆಗ್ಲಿ ಬಿಡಿ, ಕುರ್ಚಿ ಇರೋದೇ ಕೂರೋಕೆ. ಏ ಗುಮಾಸ್ತ, ಅಕ್ಕನಿಗೆ ಟೀ ತಾ."

ಗುಮಾಸ್ತ ಟೀ ತಂದ. ಪ್ಲಾಸ್ಟಿಕ್ ಲೋಟದಲ್ಲಲ್ಲ, ಪಿಂಗಾಣಿ ಕಪ್ಪಿನಲ್ಲಿ. ಧಣಿ ಒಂದು ಬಿಳೀ ಕೋಟು ಬಿಚ್ಚಿ ಮೇಜಿನ ಮೇಲೆ ಹರಡಿದ. ಜೇಬಿನ ಮೇಲೆ ಹಸಿರು ಹನಿ ಹೊಲಿದಿತ್ತು.

"ಇವತ್ತಿಂದ ನೀವು ನಮ್ಮ ಗುಣಮಟ್ಟದ ಅಧಿಕಾರಿ."

"ಅಂದ್ರೆ ಏನ್ ಕೆಲಸ ಧಣಿ?"

"ಈಗ ಮಾಡ್ತಿರೋದೇ."

"ಅದಕ್ಕೆ ಕೋಟು ಯಾಕೆ?"

"ಅಧಿಕಾರಿ ಅಂದ್ಮೇಲೆ ಕೋಟು ಬೇಡ್ವಾ? ನಿಮ್ಮ ಬೆರಳಿನ ಬೆಲೆ ನನಗೆ ಗೊತ್ತಿಲ್ವಾ? ನೀವಿಲ್ದೆ ಈ ಯಾರ್ಡು ನಡೆಯತ್ತಾ?"

ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಆ ಹೊತ್ತಿಗೆ ಅದು ಯಾರಿಗೆ ನೆನಪಾಗುತ್ತದೆ? ಬೆರಳಕ್ಕನಿಗೆ ಖುಷಿಯಾಯಿತು. ತುಂಬ ಖುಷಿಯಾಯಿತು. ಹನ್ನೊಂದು ವರ್ಷ ನಿಂತೇ ದುಡಿದವಳಿಗೆ ಕುರ್ಚಿ ಸಿಕ್ಕರೆ ಖುಷಿಯಾಗದೆ ಏನಾಗುತ್ತದೆ? ಗುಮಾಸ್ತ ಸಂಘದವರ ಪೆಟ್ಟಿಗೆಯೊಂದನ್ನು ಅವಳ ಮುಂದಿಟ್ಟ. ಒಳಗೆ ಎರಡು ಸೀಲು, ಎರಡು ಇಂಕಿನ ಡಬ್ಬಿ. ನೀಲಿಯದು 'ಸ್ವೀಕೃತ'. ಕೆಂಪಿನದು 'ತಿರಸ್ಕೃತ'.

"ಕೆಂಪು ಬೇಕಾಗಲ್ಲ, ಜೊತೇಲಿ ಬಂದಿದೆ ಅಷ್ಟೆ" ಎಂದ ಗುಮಾಸ್ತ.

"ನಾಳೆ ಬೆಳಿಗ್ಗೆ ಬೇಗ ಬನ್ನಿ, ಹಳೇ ರಿಜಿಸ್ಟರುಗಳಿಗೆ ಒಂದಷ್ಟು ಸಹಿ ಹಾಕೋದಿದೆ" ಎಂದ ಧಣಿ. "ಆಮೇಲೆ ಸಂಘದೋರು ಬಂದಾಗ ನೀವು ಏನೂ ಮಾತಾಡ್ಬೇಕಾಗಿಲ್ಲ. ಕೂತು ನೀಲಿ ಸೀಲು ಹೊಡೀತಾ ಇದ್ರೆ ಸಾಕು." ಅಧಿಕಾರಿಯ ನೇಮಕದ ಐದು ಹಾಳೆಗಳನ್ನೂ ಕೈಗೆ ಕೊಟ್ಟ. ಅವಳು ಓದಲಾರಳು ಎಂಬ ಧೈರ್ಯ ಅವನಿಗಿತ್ತು. ಸಹಿ ಹಾಕುವಷ್ಟು ಅಕ್ಷರ ಮಾತ್ರ ಅವಳಿಗೆ ಬರುತ್ತಿತ್ತು. ಸೊಸೆಗೆ ಬರುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಕೆಲಸದವಳಿಗೆ ಮನೆಯೂ ಸೊಸೆಯೂ ಇರಬಹುದೆಂದು ಧಣಿಗಳಿಗೆ ಹೊಳೆಯುವುದು ಅಪರೂಪ.

ಕೋಟು ಹಾಕಿಕೊಂಡು ಹೊರಗೆ ಬಂದಾಗ ಫಿಲ್ಟರ್ ಹಿಂಡುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಅವರಲ್ಲಿ ಒಬ್ಬಳಿಗೆ ಗಯ್ಯಾಳಿ ಎಂದೇ ಹೆಸರು. ಅವಳು ಎದ್ದು ನಿಂತು ಕೈಮುಗಿದಳು.

"ಆಫೀಸರಮ್ಮಾ, ಉಚ್ಚೆಗೆ ಹೋಗ್ಬೇಕು. ಅರ್ಜಿ ಬರೀಬೇಕಾ, ಬಾಯಲ್ಲಿ ಹೇಳಿದ್ರೆ ಸಾಕಾ?"

"ಬರಿ. ಎರಡು ಪ್ರತಿ ಇರ್ಲಿ" ಎಂದಳು ಬೆರಳಕ್ಕ ಗಂಭೀರವಾಗಿ.

"ಮಂಜೂರಾಗೋ ಹೊತ್ತಿಗೆ ಕೆಲಸ ಮುಗಿದಿರತ್ತೆ ಬಿಡಕ್ಕ."

ಯಾರ್ಡಿನಲ್ಲಿ ಬಹಳ ದಿನಗಳ ಮೇಲೆ ಎಲ್ಲರೂ ನಕ್ಕರು.

ಸಂಜೆ ಮನೆಗೆ ಬಂದವಳು ಕೋಟನ್ನು ಬಾಗಿಲ ಮೊಳೆಗೆ ನೇತುಹಾಕಿ, ದೂರ ನಿಂತು ಒಮ್ಮೆ, ಹತ್ತಿರ ಹೋಗಿ ಒಮ್ಮೆ ನೋಡಿದಳು. ಮೊಮ್ಮಗಳು ಹಸಿರು ಹನಿಯ ಹಲ್ಲು ಎಣಿಸಿದಳು. ಸೊಸೆ ದೀಪದಡಿ ಹಾಳೆಗಳನ್ನು ಬಿಡಿಸಿಕೊಂಡು ಕೂತಳು.

"ಅತ್ತೆ, ನೀವು ಯಾವತ್ತಿಂದ ಆಫೀಸರು?"

"ಇವತ್ತು ಮಧ್ಯಾಹ್ನದಿಂದ. ಪಿಂಗಾಣಿ ಕಪ್ಪಲ್ಲಿ ಟೀ ಕೊಟ್ರು ಕಣೇ."

"ಇಲ್ಲಿ ಮೂರು ವರ್ಷದಿಂದ ಅಂತಿದೆ."

"ಯಾರೋ ತಪ್ಪು ಬರೆದಿರ್ತಾರೆ."

"ತಪ್ಪಲ್ಲ ಅತ್ತೆ, ತಾರೀಖು ಹಾಕಿ ಬರ್ದಿದಾರೆ." ಸೊಸೆಯ ದನಿ ಇಳಿಯಿತು. "ಮೂರು ವರ್ಷ ಬಂದ ಡ್ರಮ್ಮೆಲ್ಲ ನೀವೇ ನೋಡಿ ಒಳ್ಳೇದು ಅಂದಿದೀರಂತೆ. ಅದ್ರಲ್ಲಿ ಹೆಚ್ಚುಕಮ್ಮಿ ಆದ್ರೆ, ಎಲ್ಲಾದ್ರೂ ಸುರಿದು ಯಾರಿಗಾದ್ರೂ ತೊಂದ್ರೆ ಆದ್ರೆ, ಅದಕ್ಕೆ ಅಧಿಕಾರಿನೇ ಹೊಣೆಯಂತೆ. ಜೈಲಾದ್ರೂ, ದಂಡ ಆದ್ರೂ. ಧಣಿಗೆ ಏನೂ ಗೊತ್ತಿರ್ಲಿಲ್ವಂತೆ."

ಬೆರಳಕ್ಕ ಮೊಳೆಯಲ್ಲಿ ನೇತಾಡುತ್ತಿದ್ದ ಕೋಟಿನ ಕಡೆ ತಿರುಗಿದಳು.

"ನಾಳೆ ಸಹಿ ಹಾಕೋಕೆ ಹೇಳಿದಾರಲ್ಲ, ಅದು ಇದಕ್ಕೇ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಇಲ್ಲಿ ಒರೆಸೋಕೆ ಮುಂಚೆ ಮೇಕೆಗೆ ಕೋಟು ಹೊಲಿಸಿದಾರೆ."

ಬೆರಳಕ್ಕನಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಕುರ್ಚಿಯಲ್ಲಿ ಕೂತು ತಾನು ಹಿಗ್ಗಿದ್ದು, ಕಪ್ಪಿನ ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು ಕುಡಿದದ್ದು, ಎಲ್ಲ ನೆನಪಾಗಿ ಮುಖ ಬಿಸಿಯಾಯಿತು. ಹಿಂದೆಯೇ ಭಯ ಬಂತು. ಸಹಿ ಹಾಕಿದರೆ ಗಲ್ಲಿಯ ನೀರಿಗೆ ವಿಷ ಹಾಕಿದವಳು ಅವಳೊಬ್ಬಳೇ ಎಂದಾಗುತ್ತದೆ, ಕಾಗದದ ಮೇಲೆ, ಶಾಶ್ವತವಾಗಿ. ಹಾಕದಿದ್ದರೆ ಕೆಲಸ ಹೋಗುತ್ತದೆ. ಮಗ ಲಾರಿ ಹತ್ತಿದರೆ ತಿಂಗಳಿಗೊಮ್ಮೆ ಮುಖ ತೋರಿಸುವವನು. ಮನೆ ನಡೆಯುವುದು ಅವಳ ಮೂರು ಬೆರಳಿನ ಮೇಲೆ.

"ಹಾಕ್ತೀರಾ ಅತ್ತೆ?"

"ಪೂರ್ತಿ ಓದು" ಎಂದಳು ಬೆರಳಕ್ಕ. "ಐದು ಹಾಳೇನೂ ಓದು. ಒಂದು ಚುಕ್ಕಿನೂ ಬಿಡ್ಬೇಡ."

ಸೊಸೆ ಓದಿದಳು. ಅತ್ತೆ ಕೆಲವು ಸಾಲುಗಳನ್ನು ಎರಡೆರಡು ಸಲ ಓದಿಸಿದಳು. ಮೊದಲ ಹಾಳೆ ಬಿಟ್ಟರೆ ಉಳಿದವು ಸಂಘದವರು ಯಾವ ಊರಿಗಾದರೂ ಆಗಲೆಂದು ಅಚ್ಚು ಹಾಕಿಸಿಟ್ಟ ನಿಯಮಗಳು. ಧಣಿಯ ಗುಮಾಸ್ತ ಓದುವ ಗೋಜಿಗೆ ಹೋಗದೆ, ತಾರೀಖು, ಹೆಸರು ತುಂಬಿ, ಹಾಗೆಯೇ ಲಗತ್ತಿಸಿದ್ದ. ಮೂರನೇ ಹಾಳೆ ಮುಗಿಯುವ ಹೊತ್ತಿಗೆ ಸೊಸೆಗೆ ನಗು ತಡೆಯಲಾಗಲಿಲ್ಲ. ಐದನೆಯದು ಮುಗಿದ ಮೇಲೆ ಅವಳು ಚಪ್ಪಲಿ ಮೆಟ್ಟಿಕೊಂಡು ಅಕ್ಕಪಕ್ಕದ ಮನೆಗಳಿಗೆ ಹೊರಟಳು.

ಬುಧವಾರ ಬೆಳಿಗ್ಗೆ ಮೇಜಿನ ಮೇಲೆ ಮೂವತ್ತಾರು ರಿಜಿಸ್ಟರು ಗೋಪುರದಂತೆ ನಿಂತಿದ್ದವು. ಗುಮಾಸ್ತ ಎಲ್ಲಿ ಸಹಿ ಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಮಾಡಿದ್ದ. ಅವನ ಶ್ರದ್ಧೆ ದೊಡ್ಡದು.

"ಬೇಗ ಬೇಗ ಹಾಕಿ ಅಕ್ಕ, ಅವರು ಬಂದ್ಬಿಡ್ತಾರೆ" ಎಂದ ಧಣಿ.

"ಹಾಕ್ತೀನಿ ಧಣಿ. ಆದ್ರೆ ಬೆರಳು ಅದ್ದದೆ ಯಾವತ್ತೂ ಒಳ್ಳೇದು ಅಂದವಳಲ್ಲ ನಾನು. ಮೂರು ವರ್ಷದ ಡ್ರಮ್ಮು ತರಿಸಿ. ಒಂದೊಂದೇ ನೋಡ್ತೀನಿ, ಒಂದೊಂದೇ ಹಾಕ್ತೀನಿ."

"ಅವನ್ನ ಈಗ ಎಲ್ಲಿಂದ ತರೋದು?"

"ಅರ್ಧ ಹಿಂದಿನ ಗುಂಡೀಲಿದೆ. ಬಕೆಟ್ ಕೊಡ್ಲಾ?"

ಧಣಿಯ ಮುಖ ಬದಲಾಯಿತು. "ತಮಾಷೆ ಮಾಡ್ತೀಯಾ? ಸುಮ್ನೆ ಸಹಿ ಹಾಕು. ಇಲ್ಲಾಂದ್ರೆ ಇವತ್ತೇ ಗಂಟುಮೂಟೆ ಕಟ್ಕೊಂಡು ಹೋಗ್ತಾ ಇರು."

'ನೀವು' ಎಂಬುದು ಒಂದು ರಾತ್ರಿ ಬಾಳಿತು. ಬೆರಳಕ್ಕ ಪೆನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಗೇಟಿನಲ್ಲಿ ಕಾರಿನ ಹಾರನ್ ಕೇಳಿತು. ಧಣಿ ಸಿಟ್ಟನ್ನು ನುಂಗಿ, ನಗುವನ್ನು ಮುಖಕ್ಕೆ ತಂದುಕೊಂಡು ಓಡಿದ. ರಿಜಿಸ್ಟರುಗಳು ಸಹಿಯಿಲ್ಲದೆ ಹಾಗೆಯೇ ಉಳಿದವು.

ಸಂಘದ ತಪಾಸಣೆಯವರು ಒಬ್ಬರೇ ಬಂದಿದ್ದರು. ಸಣ್ಣ ದೇಹ, ಹೊಳೆಯುವ ಶೂ. ಆಯಿಲ್ ಬಿದ್ದ ನೆಲದ ಮೇಲೆ ತುದಿಗಾಲಿನಲ್ಲಿ ನಡೆದರು. ಅಂಗಳದಲ್ಲಿ ಮೇಜು, ಕುರ್ಚಿ, ಹನ್ನೆರಡು ಡ್ರಮ್ಮು ಸಿದ್ಧವಾಗಿದ್ದವು.

"ಇವರೇ ನಮ್ಮ ಗುಣಮಟ್ಟದ ಅಧಿಕಾರಿ. ಮೂರು ವರ್ಷದಿಂದ ಎಲ್ಲ ಇವರದೇ ಜವಾಬ್ದಾರಿ" ಎಂದ ಧಣಿ. ಎಲ್ಲರ ಮುಂದೆ ಅವಳು ಬಾಯಿ ಬಿಡಲಾರಳು ಎಂದೇ ಅವನ ಲೆಕ್ಕ.

ಬೆರಳಕ್ಕ ಮೊದಲ ಡ್ರಮ್ಮಿನ ಮುಚ್ಚಳ ತೆಗೆದಳು. ಹಿಂದಿನ ದಿನವೇ ಗುಮಾಸ್ತ ಎಲ್ಲ ಡ್ರಮ್ಮಿಗೂ ಮೇಲೊಂದು ಗೇಣು ಒಳ್ಳೆಯ ಆಯಿಲ್ ಸುರಿದಿದ್ದ. ಹೊಸಬರಾದರೆ ಮೇಲಿನದನ್ನೇ ಮುಟ್ಟಿ ಮೋಸ ಹೋಗುತ್ತಿದ್ದರು. ಅವಳು ಉದ್ದನೆಯ ಕೊಳವೆ ಇಳಿಸಿ, ಮೇಲಿನ ತೂತನ್ನು ಹೆಬ್ಬೆರಳಿಂದ ಮುಚ್ಚಿ, ತಳದ್ದನ್ನು ಎತ್ತಿದಳು. ತಿಕ್ಕಿದಳು, ಮೂಸಿದಳು. ಮೇಜಿಗೆ ಬಂದು, ಕೆಂಪು ಇಂಕಿನ ಹೊಸ ಡಬ್ಬಿಯನ್ನು ಹಲ್ಲಿನಲ್ಲಿ ಕಚ್ಚಿ ತೆರೆದು, ಡ್ರಮ್ಮಿನ ಚೀಟಿಯ ಮೇಲೆ ಸೀಲು ಒತ್ತಿದಳು. ತಿರಸ್ಕೃತ.

ಧಣಿ ಕೆಮ್ಮಿದ. "ಅದು ಬೇರೆ ಸೀಲು."

"ಗೊತ್ತು ಧಣಿ."

ಹನ್ನೆರಡರಲ್ಲಿ ಮೂರು ಒಳ್ಳೆಯದಿತ್ತು. ಮೂರಕ್ಕೆ ನೀಲಿ ಹೊಡೆದಳು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ ಅವಳಿಗೆ. ಒಂಬತ್ತು ಕೆಂಪಾದವು.

ತಪಾಸಣೆಯವರು ತಲೆ ಕೆರೆದುಕೊಂಡರು. "ಅಮ್ಮಾ, ಬೆರಳಿನ ಪರೀಕ್ಷೇನ ವರದೀಲಿ ಬರಿಯೋಕಾಗಲ್ಲ. ನಾವು ಕೊಟ್ಟ ಯಂತ್ರ ಎಲ್ಲಿ?"

ಯಂತ್ರ ಬಂತು. ಪ್ಲಾಸ್ಟಿಕ್ ಬಿಚ್ಚಲು ಕತ್ತರಿ ಹುಡುಕಬೇಕಾಯಿತು. ಗುಮಾಸ್ತ ಇದ್ದ ಗುಂಡಿಯನ್ನೆಲ್ಲ ಒತ್ತಿದ. ಅದಕ್ಕೆ ಸೆಲ್ಲೇ ಹಾಕಿರಲಿಲ್ಲ. ಫಿಲ್ಟರ್ ಹೆಂಗಸರ ಕಡೆಯಿಂದ ಗಯ್ಯಾಳಿಯ ದನಿ ಕೇಳಿತು: "ಪಾಪ, ಮೂರು ವರ್ಷ ಉಪವಾಸ ಇದೆ, ಹೇಗೆ ಏಳತ್ತೆ?"

"ನಿಮ್ಮ ಬೆರಳು ಕೊಡಿ ಸ್ವಾಮಿ" ಎಂದಳು ಬೆರಳಕ್ಕ. "ನನ್ನ ಮಾತು ಬೇಡ, ನೀವೇ ನೋಡಿ."

ಅವರು ಸುತ್ತ ನೋಡಿ, ಬೇರೆ ದಾರಿ ಕಾಣದೆ, ತೋರುಬೆರಳು ಚಾಚಿದರು. ಅವಳು ಕೊಳವೆಯಿಂದ ಎರಡು ಹನಿ ಬಿಟ್ಟಳು.

"ತಿಕ್ಕಿ. ಹೇಗಿದೆ?"

"ತಣ್ಣಗಿದೆ."

"ಥಿನ್ನರು. ಈಗ ಇದು."

"ಸಿಹಿ ವಾಸನೆ ಬರ್ತಿದೆ."

"ಕೂಲಂಟು. ಬಾಯಿಗೆ ಮುಟ್ಟಿಸ್ಬೇಡಿ, ವಿಷ."

ಅವರು ಗಡಬಡಿಸಿ ಕರವಸ್ತ್ರ ತೆಗೆದು ಬೆರಳನ್ನು ತಿಕ್ಕಿ ತಿಕ್ಕಿ ಒರೆಸಿದರು. ಒರೆಸುತ್ತಾ ಅವಳ ಕೈ ನೋಡಿದರು. "ಎಷ್ಟು ವರ್ಷದಿಂದ ಹೀಗೆ ಮಾಡ್ತಿದೀರಿ?"

"ಹನ್ನೊಂದು."

"ಗ್ಲೌಸು ಕೊಟ್ಟಿಲ್ವಾ?"

"ಗ್ಲೌಸು ಹಾಕ್ಕೊಂಡ್ರೆ ತಣ್ಣಗಿದೆಯೋ ಬಿಸಿಯಿದೆಯೋ ಗೊತ್ತಾಗಲ್ಲ ಸ್ವಾಮಿ. ಗೊತ್ತಾಗೋ ಯಂತ್ರ ಬೀರುವಲ್ಲಿತ್ತು."

ಅವರು ಧಣಿಯತ್ತ ತಿರುಗಿದರು. "ಕೆಟ್ಟ ಆಯಿಲೆಲ್ಲ ಎಲ್ಲಿಗೆ ಹೋಗತ್ತೆ?"

"ಕುಲುಮೆಗೆ ಸಾರ್, ಎಲ್ಲ ಕುಲುಮೆಗೇ. ಆ ಹಿಂದಿನ ಗೋಡೆ ಹತ್ರ ಏನೂ ಇಲ್ಲ ಸಾರ್" ಎಂದ ಧಣಿ. ಹಿಂದಿನ ಗೋಡೆಯ ಬಗ್ಗೆ ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬುದು ಇದಕ್ಕೇ.

"ಹಿಂದಿನ ಗುಂಡಿಗೆ ಹೋಗತ್ತೆ" ಎಂದಳು ಬೆರಳಕ್ಕ. "ಸುರಿದವಳು ನಾನು. ಇವರೆಲ್ಲ ಡ್ರಮ್ಮು ಹಿಡಿದವರು. ಸುರೀರಿ ಅಂದವರು ಧಣಿ. ಬರ್ಕೊಳ್ಳಿ ಸ್ವಾಮಿ. ಎಲ್ಲಾನೂ ಬರ್ಕೊಳ್ಳಿ, ನಂದೊಂದೇ ಬರ್ಕೋಬೇಡಿ."

"ನಾನೂ ಹಿಡಿದಿದೀನಿ" ಎಂದು ಗಯ್ಯಾಳಿ ಎದ್ದು ಬಂದಳು. ಅವಳ ಹಿಂದೆ ಉಳಿದವರೂ ಎದ್ದು ಬಂದರು. ಯಾರೂ ನಗುತ್ತಿರಲಿಲ್ಲ.

ಧಣಿ ಮೇಜು ಗುದ್ದಿದ. "ಇವಳನ್ನ ಈಗಲೇ ಕೆಲಸದಿಂದ ತೆಗೆದು ಹಾಕಿದೀನಿ. ಬಿಚ್ಚು ಕೋಟು."

"ಎರ‍ಡನೇ ಹಾಳೆ ನೋಡಿ" ಎಂಬ ದನಿ ಗೇಟಿನ ಕಡೆಯಿಂದ ಬಂತು. ಸೊಸೆ ಹಾಳೆಗಳನ್ನು ಹಿಡಿದು ನಿಂತಿದ್ದಳು. ಶಾಲೆಯಲ್ಲಿ ಪಾಠ ಒಪ್ಪಿಸುವವರಂತೆ ಗಟ್ಟಿಯಾಗಿ ಓದಿದಳು. "ಗುಣಮಟ್ಟದ ಅಧಿಕಾರಿಯನ್ನು ತೆಗೆಯುವ ಅಧಿಕಾರ ಸಂಘಕ್ಕೆ ಮಾತ್ರ ಇರತಕ್ಕದ್ದು. ಯಾರ್ಡಿನ ಮಾಲೀಕರಿಗೆ ಇರತಕ್ಕದ್ದಲ್ಲ. ಕೆಳಗೆ ನಿಮ್ಮದೇ ಸಹಿ ಇದೆ ಧಣಿ."

ಧಣಿ ತಪಾಸಣೆಯವರನ್ನು ನೋಡಿದ. ಅವರು ನೆಲ ನೋಡುತ್ತ, "ಹಾಗೇ ಇದೆ" ಎಂದರು. ಧಣಿ ಗುಮಾಸ್ತನನ್ನು ನೋಡಿದ. ಗುಮಾಸ್ತ ಯಂತ್ರಕ್ಕೆ ಮತ್ತೆ ಪ್ಲಾಸ್ಟಿಕ್ ಸುತ್ತುವುದರಲ್ಲಿ ಮಗ್ನನಾಗಿದ್ದ.

ಆದರೆ ಸಂಘದವರೂ ಪಳಗಿದವರೇ. ತಪಾಸಣೆಯವರು ಬ್ಯಾಗಿನ ಜಿಪ್ಪು ಎಳೆದರು. "ಆಯ್ತಮ್ಮ, ಎಲ್ಲ ಗಮನಕ್ಕೆ ಬಂದಿದೆ. ವರದಿ ಕಳಿಸ್ತೀನಿ. ಸಮಿತಿ ಕೂರತ್ತೆ. ಉಪಸಮಿತಿ ಮಾಡ್ತಾರೆ. ಆರೇಳು ತಿಂಗಳಲ್ಲಿ ಏನಾದ್ರೂ ಒಂದು ಆಗತ್ತೆ."

"ಅಲ್ಲೀವರೆಗೆ ನೀರು?" ಎಂದಳು ಬೆರಳಕ್ಕ.

"ಅದು ನಮಗೆ ಬರಲ್ಲಮ್ಮ. ನೀರು ಬೇರೆ ಇಲಾಖೆ. ನಮ್ಮದು ಬರೀ ಆಯಿಲ್."

ಬೆರಳಕ್ಕ ಸೊಸೆಯ ಕಡೆ ನೋಡಿದಳು. ಸೊಸೆ ಮೂರನೇ ಹಾಳೆ ತಿರುಗಿಸಿದಳು. "ಆಯಿಲಿನ ಅಂಶವಿರುವ ಯಾವುದೇ ಡಬ್ಬ, ಕ್ಯಾನು, ಪಾತ್ರೆಯನ್ನು ಸಾರ್ವಜನಿಕರು ತಂದಲ್ಲಿ, ಕಾರ್ಯಕ್ರಮವು ಅದನ್ನು ನಿರಾಕರಿಸದೆ ಅಂದೇ ಸ್ವೀಕರಿಸತಕ್ಕದ್ದು. ಅಧಿಕಾರಿಯು ಪರೀಕ್ಷಿಸಿ ಸೀಲು ಹಾಕತಕ್ಕದ್ದು. ತಪಾಸಣೆಯವರು ಇದ್ದಲ್ಲಿ ಪ್ರತಿಯೊಂದನ್ನೂ ಎಣಿಸಿ ದಾಖಲಿಸತಕ್ಕದ್ದು."

ಓದಿ ಮುಗಿಸಿ ಅವಳು ಪಕ್ಕಕ್ಕೆ ಸರಿದಳು. ಅವಳ ಹಿಂದೆ ಗಲ್ಲಿಯ ಹೆಂಗಸರು ನಿಂತಿದ್ದರು. ಒಬ್ಬೊಬ್ಬರ ಸೊಂಟದಲ್ಲೂ ಕೊಡ. ಪ್ಲಾಸ್ಟಿಕ್ಕಿನದು, ತಗಡಿನದು, ಅಂಚು ಒಡೆದದ್ದು. ಸಾಲು ಗೇಟಿನಿಂದ ದಿಬ್ಬ ಇಳಿದು ಕೈಪಂಪಿನವರೆಗೂ ಇತ್ತು.

ಮೊದಲ ಕೊಡ ಮೇಜಿನ ಮೇಲೆ ಬಂದು ಕೂತಿತು. ಬೆರಳಕ್ಕ ಬೆರಳು ಅದ್ದಿ, ತಿಕ್ಕಿ, ಮೂಸಿದಳು. ಕೋಟಿನ ಅಂಚಿನಿಂದ ಕೊಡದ ಮೈ ಒರೆಸಿ ಒಣಗಿಸಿ, ಕೆಂಪು ಸೀಲು ಒತ್ತಿದಳು.

"ಇದೇನ್ ಹುಚ್ಚಾಟ? ಇದು ಕುಡಿಯೋ ನೀರಿನ ಕೊಡ" ಎಂದು ಧಣಿ ಕೂಗಿದ.

"ಹೌದು ಧಣಿ, ಕುಡಿಯೋ ನೀರೇ. ಬರ್ಕೊಳ್ಳಿ ಸ್ವಾಮಿ, ಒಂದು."

ತಪಾಸಣೆಯವರು ಕಾರಿನ ಕಡೆ ನೋಡಿದರು. ಸೀಲಾದ ಕೊಡವನ್ನು ಗಯ್ಯಾಳಿ ಒಯ್ದು ಕಾರಿನ ಮುಂದೆ, ಗೇಟಿನ ನಡುವೆ ಇಟ್ಟಳು. ಎರಡನೆಯದನ್ನು ಅದರ ಪಕ್ಕ ಇಟ್ಟಳು. ಕೊಡ ಕೊಟ್ಟವರು ಮನೆಗೆ ಹೋಗಲಿಲ್ಲ. ತಂತಮ್ಮ ಕೊಡದ ಹಿಂದೆ ನೆಲದ ಮೇಲೆ ಕೂತರು.

"ಎಷ್ಟಿವೆ ಇಂಥವು?" ಎಂದರು ತಪಾಸಣೆಯವರು ಸಣ್ಣ ದನಿಯಲ್ಲಿ.

"ಅರವತ್ತು ಮನೆ ಸ್ವಾಮಿ. ಆ ಕುರ್ಚೀಲಿ ಕೂತ್ಕೊಳ್ಳಿ, ನನಗೆ ನಿಂತು ಅಭ್ಯಾಸ ಇದೆ."

ಅವರು ಕೂತರು. ಜಿಪ್ಪು ಮತ್ತೆ ತೆರೆಯಿತು, ಪೆನ್ನು ಹೊರಗೆ ಬಂತು. "ಇವನ್ನೆಲ್ಲ ಸ್ವೀಕರಿಸಿ ನಾವೇನಮ್ಮ ಮಾಡೋದು?"

"ಕುಡೀರಿ ಅನ್ನಲ್ಲ, ಹೆದರ್ಬೇಡಿ" ಎಂದಳು ಬೆರಳಕ್ಕ. "ಶುದ್ಧ ಮಾಡಿ ವಾಪಸ್ ಕೊಡಿ. ಅದಕ್ಕೇ ಅಲ್ವಾ ನಿಮ್ಮ ಸಂಘ ಇರೋದು? ಕಾಯ್ತೀವಿ ನಾವು."

ಅವಳು ಕೆಂಪು ಸೀಲನ್ನು ಇಂಕಿಗೆ ಒತ್ತಿ, ಸಾಲಿನ ಕಡೆ ತಿರುಗಿದಳು.

"ಮುಂದಿನವರು ಬನ್ನಿ."